ಸಂಜಿ ಐದರ ಹಸಿವಿಗೆ ಮಡಿಕಿಕಾಳು

ಹುಡುಗ್ರು ರೊಟ್ಟಿ ಮುಟ್ಟಂಗಿಲ್ಲ, ಬರೇ ಮಿರ್ಚಿ ತಿಂತಾವು ಅಂತ ನಮ್ಮ ಓಣಿ ತಾಯಂದ್ರು ದಿನಾ ಗೋಳಾಡ್ತಾರ. ಕೇಳಿ ಕೇಳಿ ಸಾಕಾಗೇತಿ ನನಗ. ಮುಂಜಾನೆ ಚಾ ಬಿಸ್ಕೀಟ್ ಮ್ಯಾಲೆ ಕಾಲೇಜಿಗೆ ಹೋದ ಹುಡುಗ ಸಂಜಿ ಐದಕ್ಕ ಮನಿಗೆ ಬರ್ತಾನ. ಒಲಿ ಮ್ಯಾಲೆ ಏನೂ ಇಲ್ಲ. ಹಾದ್ಯಾಗ ಬಜಿ ಬಂಡಿ ಎಣ್ಣಿ ವಾಸನಿ ಕರೀತೈತಿ. ಅವ ಹೋಗದ ಏನ್ ಮಾಡ್ಬೇಕವ್ವಾ? ರಾತ್ರಿ ಒಂಬತ್ತಕ್ಕ ರೊಟ್ಟಿ ಮುಂದಿಟ್ಟು ಬೈದ್ರ ಆ ಹೊಟ್ಟ್ಯಾಗ ಜಾಗ ಎಲ್ಲೈತಿ?

ಬುದ್ಧಿವಾದ ಬಿಡ್ರಿ. ಐದಕ್ಕ ಕೈಗೆ ಸಿಗೂವಂಗ ಏನರ ಇಡ್ರಿ.

ನಾ ಇಡೂದು ಮೊಳಕಿ ಬಂದ ಮಡಿಕಿಕಾಳು, ಹೆಸರುಕಾಳಿನಂಗ ಸಣ್ಣಂದು, ಬಣ್ಣ ಕಂದು. ಈಗಿನವ್ರು ಕಾಳನ್ನ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕಿ ಬಿಗಿಯಾಗಿ ಮುಚ್ಚಿ, ಮರುದಿನ ಲೋಳಿ ಬಂತು, ನಾತ ಬಂತು ಅಂತ ಚೆಲ್ತಾರ. ಅದಕ್ಕ ಗಾಳಿ ಬೇಕ್ರಿ! ಮುಂಜಾನೆ ಕಾಳು ಹಸನ ಮಾಡಿ, ನೀರು ತಿಳಿ ಆಗೂತನಕ ತೊಳದು, ಮುಳುಗಿ ಮ್ಯಾಲೆ ನಾಕು ಬೆರಳು ನೀರು ನಿಲ್ಲೂವಂಗ ನೆನಿ ಹಾಕ್ರಿ. ಥಂಡಿ ದಿನ ಇದ್ರ ಉಗುರುಬೆಚ್ಚಗಿನ ನೀರು. ತೇಲಿದ್ದನ್ನ ತಗದು ಒಗೀರಿ. ಸಂಜಿಗೆ ನೀರು ಬಸದು, ಕಾಳನ್ನ ಅಂಗೈಯಾಗ ಹಿಡದು ನೋಡ್ರಿ. ಗಟ್ಟಿ ಕಲ್ಲುಕಾಳು ಬೆರಳಿಗೆ ಗೊತ್ತಾಕ್ಕಾವು, ಒಂದೊಂದೇ ಆರಿಸಿ ತಗೀರಿ, ಇಲ್ಲಂದ್ರ ಹಲ್ಲಿಗೆ ಸಿಕ್ಕು ಹುಡುಗ ಮತ್ತ ಆ ತಾಟಿಗೆ ಕೈ ಹಚ್ಚಂಗಿಲ್ಲ. ಆಮ್ಯಾಲೆ ಹಳೇ ಧೋತ್ರದ ಅರಿವಿ. ಹೊಸಾದು ಬ್ಯಾಡ, ಸೋಪಿನ ಪುಡಿ ಹಾಕಿ ಒಗದಿದ್ದಂತೂ ಬ್ಯಾಡೇ ಬ್ಯಾಡ, ಬರೇ ಬಿಸಿನೀರಾಗ ಕುದಿಸಿ ಬಿಸಲಾಗ ಒಣಗಿಸಿದ್ದಿರ್ಲಿ. ಅದನ್ನ ಒದ್ದಿ ಮಾಡಿ ಹಿಂಡಿ, ಕಾಳು ಹಾಕಿ, ಉಬ್ಬಾಕ ಜಾಗ ಬಿಟ್ಟು ಸಡಿಲಾಗಿ ಗಂಟು ಕಟ್ಟಿ ರೊಟ್ಟಿ ಬುಟ್ಟ್ಯಾಗ ಇಡ್ರಿ. ನಮ್ಮತ್ತಿ ಮಲಗೂಕಿಂತ ಮುಂಚೆ ಆ ಗಂಟಿನ ಮ್ಯಾಲೆ ನೀರು ಚಿಮುಕಿಸದ ದೀಪ ಆರಿಸ್ತಿದ್ದಿಲ್ಲ. ನಮ್ಮ ಬ್ಯಾಸಗಿಗೆ ಒಂದು ರಾತ್ರಿ ಸಾಕು, ಚಳಿಗಾಲಕ್ಕ ಇನ್ನೊಂದು ಹಗಲು ಬಿಡ್ರಿ. ಮೊಳಕಿ ಅಕ್ಕಿಕಾಳಿನಷ್ಟಿದ್ರ ಭೇಷ್. ಭಾಳ ಉದ್ದ ಬಿಟ್ರ ರುಚಿ ಕೆಡ್ತೈತಿ.

ಪೂರಾ ಹಸೀದು ಕೊಡಬ್ಯಾಡ್ರಿ, ಹೊಟ್ಟಿ ಕೆಡ್ತೈತಿ. ಕಬ್ಬಿಣದ ಕಡಾಯ್ಯಾಗ ಒಗ್ಗರಣಿ ಹಾಕಿ, ನೀರು ಚಿಮುಕಿಸಿ ಮುಚ್ಚಿಟ್ಟು ಬೇಯಿಸ್ರಿ. ಕಾಳು ಒಡೀಬಾರ್ದು. ಅಂದಂಗ, ಆ ಕಡಾಯಿನ ರಾತ್ರಿಯೆಲ್ಲಾ ನೀರಾಗ ನೆನಿ ಇಟ್ಟು ತುಕ್ಕು ಹಿಡೀತು ಅಂತಾರಲ್ಲ, ಅವ್ರಿಗೆ ಏನು ಹೇಳೂದು! ತಿಕ್ಕಿ, ಒರಸಿ, ಎಣ್ಣಿ ಕೈ ಸವರಿ ಇಡ್ಬೇಕು. ಕಾಳು ಆರಿದ ಮ್ಯಾಲೆ ಮಂಡಕ್ಕಿ, ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಒಂದು ಮುಷ್ಟಿ ಶೇಂಗಾ ಕಲಸಿ, ಲಿಂಬಿಹಣ್ಣು ಹಿಂಡಿ. ಲಿಂಬಿಯೊಳಗಿನ ಸಿ ವಿಟಮಿನ್ ಕಾಳಿನ ಕಬ್ಬಿಣಾಂಶ ಮೈಗೆ ಹತ್ತೂವಂಗ ಮಾಡ್ತೈತಿ. ಜೋಡಿ ಚಾ ಕೊಟ್ರ ಅರ್ಧ ಹಾಳು. ಚಾ ಒಂದು ತಾಸು ಬಿಟ್ಟು ಕೊಡ್ರಿ.

ಹೆಣ್ಣುಮಕ್ಕಳಿಗಂತೂ ಇದು ಬೇಕೇ ಬೇಕು, ತಿಂಗಳ ತಿಂಗಳ ರಕ್ತ ಹೊಕ್ಕೈತಿ. ಸಾಲ್ಯಾಗ ವಾರಕ್ಕೊಮ್ಮೆ ಕೊಡೂ ಕಬ್ಬಿಣಾಂಶದ ನೀಲಿ ಗುಳಿಗಿ ಕಿಸೆದಾಗಿಟ್ಟು ಬರ್ತಾವು, ಊಟ ಆದ ಮ್ಯಾಲೆ ನಿಂತು ನುಂಗಸ್ರಿ. 2021ರ ಡಿಸೆಂಬರ್‌ನಾಗ ನಮ್ಮ ಕಡೆ ಸಾಲ್ಯಾಗ ಬಿಸಿಯೂಟದ ಜೋಡಿ ತತ್ತಿ ಶುರು ಆತು, ಬ್ಯಾಡ ಅಂದವ್ರಿಗೆ ಬಾಳಿಹಣ್ಣು. ಖರೇ ಪಿಯುಸಿ ಸೇರಿದ್ರ ಊಟ, ತತ್ತಿ ಎರಡೂ ಬಂದ್. ಎತ್ತರಕ್ಕ ಬೆಳಿಯೂ ಹೊತ್ತಿಗೇ ಬುತ್ತಿ ತಪ್ತೈತಿ.

ಇನ್ನ ಒಂದು. "ದಪ್ಪ ಆಗೀಯ, ಕಮ್ಮಿ ತಿನ್ನು" ಅಂತ ಬೀಗರ ಮುಂದ ಮಗಳಿಗೆ ಅನ್ನೂದು ಬಿಡ್ರಿ. ಆ ಮಾತು ಕೇಳಿದ ಹುಡುಗಿ ಮಧ್ಯಾಹ್ನ ಉಪಾಸ ಇದ್ದು ರಾತ್ರಿ ಕದ್ದು ಕುರಕುರೆ ತಿಂತಾಳ. ಕೊಪ್ಪಳದ ಗವಿಮಠದ ಜಾತ್ರಿ ದಾಸೋಹದಾಗ ಇವೇ ಹುಡುಗ್ರು ಪಂಕ್ತ್ಯಾಗ ಕುಂತು ಕಟಕ್ ರೊಟ್ಟಿ, ಮಾದಲಿ ಕೇಳಿ ಹಾಕಿಸ್ಕೊಂಡು ತಿಂತಾವು. ಮನ್ಯಾಗ ಅಪ್ಪ ಟಿವಿ ಮುಂದ, ಅವ್ವ ಒಲಿ ಮುಂದ, ಹುಡುಗ ಮೊಬೈಲ್ ಮುಂದ. ರಾತ್ರಿ ಊಟಕ್ಕರ ಎಲ್ಲಾರೂ ಒಂದು ಕಡೆ ಕುಂದರ್ರಿ. ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಹಿಂಡಿ, ಮೊಸರು ನಡು ಇಡ್ರಿ, ತಾವೇ ಹಚ್ಕೋತಾವು. ಮಿರ್ಚಿ ಬಂದ್ ಮಾಡಬ್ಯಾಡ್ರಿ, ಸಂತಿ ದಿನ ತಿನ್ಲಿ.

ಉಳಿದ ಮೊಳಕಿಕಾಳು ಫ್ರಿಜ್ಜಿನ್ಯಾಗ ಇಟ್ಟು ಮರುದಿನ ಪಲ್ಲೆ ಮಾಡ್ರಿ. ಹುಳಿ ವಾಸನಿ ಬಂದಿದ್ರ ಎಮ್ಮಿಗೆ ಹಾಕ್ರಿ.