ಮೂರು ಕಾಲಮ್ಮಿನ ನೋಟ್‌ಬುಕ್: ಜೆರಿಕೋ ಕತೆಯನ್ನು ನಾನು ಊಹಿಸಿದ ಬಗೆ

2006ರ ಸೆಪ್ಟೆಂಬರ್ 20, ಬುಧವಾರ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಮ್ಯಾನ್‌ಹಟನ್ ಊರಲ್ಲಿ ನಾನು ಓದುತ್ತಿದ್ದ ಕಾಲ. ಸಂಜೆ ಏಳಕ್ಕೆ ಸಿಬಿಎಸ್ ಚಾನೆಲ್‌ನಲ್ಲಿ ಒಂದು ಹೊಸ ಧಾರಾವಾಹಿ ಶುರುವಾಯಿತು. ಹೆಸರು ಜೆರಿಕೋ. ಕತೆ ನಡೆಯೋದು ಕ್ಯಾನ್ಸಸ್‌ನಲ್ಲೇ ಅಂತ ಗೊತ್ತಾಗಿ ನಾವು ಮೂವರು ರೂಮ್‌ಮೇಟ್‌ಗಳು ಅನ್ನ ಸಾರಿನ ತಟ್ಟೆ ಹಿಡಿದು ಟೀವಿ ಮುಂದೆ ಕೂತೆವು. ನಾನು ಸಾಗರದವಳು, ಒಬ್ಬಳು ಗುಂಟೂರಿನವಳು, ಇನ್ನೊಬ್ಬಳು ಪಶ್ಚಿಮ ಕ್ಯಾನ್ಸಸ್‌ನ ಗೋಧಿ ಬೆಳೆಯುವ ಮನೆಯ ಹುಡುಗಿ.

ಮೊದಲ ಕಂತಲ್ಲೇ ಒಬ್ಬ ಹುಡುಗ ಕಣ್ಣಾಮುಚ್ಚಾಲೆ ಆಡುತ್ತಾ ಮನೆಯ ಚಾವಣಿ ಮೇಲೆ ಹತ್ತಿರುತ್ತಾನೆ. ಅಲ್ಲಿಂದ ಅವನಿಗೆ ದೂರದಲ್ಲಿ ಅಣಬೆಯ ಆಕಾರದ ಮೋಡ ಕಾಣುತ್ತದೆ. ಅದು ಪಕ್ಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದ ಮೇಲೆ ಬಿದ್ದ ಅಣುಬಾಂಬು. ಸ್ವಲ್ಪ ಹೊತ್ತಿಗೆ ಡೇಲ್ ಅನ್ನುವ ಹುಡುಗನ ಮನೆಯ ಫೋನಲ್ಲಿ ಅವನಮ್ಮ ಬಿಟ್ಟ ಮೆಸೇಜ್ ಕೇಳಿಸುತ್ತದೆ. ಆಕೆ ಇದ್ದದ್ದು ಅಟ್ಲಾಂಟಾದಲ್ಲಿ. ಮಾತು ಮಧ್ಯದಲ್ಲೇ ನಿಂತುಹೋಗುತ್ತದೆ. ಅಂದರೆ ಒಂದಲ್ಲ, ಎರಡು ನಗರ ಹೋಗಿವೆ. ಆಮೇಲೆ ಟೀವಿ ಇಲ್ಲ, ಫೋನ್ ಇಲ್ಲ. ದೇಶಕ್ಕೆ ಏನಾಯಿತು, ಯಾರು ಮಾಡಿದರು, ಎಷ್ಟು ಊರು ಉಳಿದಿವೆ, ಆ ಸಣ್ಣ ಊರಿನ ಯಾರಿಗೂ ಗೊತ್ತಿಲ್ಲ.

ನಮಗೂ ಗೊತ್ತಿಲ್ಲ. ನಾನು ಆ ಕತೆಗೆ ಅಂಟಿಕೊಂಡಿದ್ದು ಇದಕ್ಕೇ. ಬೇರೆ ಕತೆಗಳಲ್ಲಿ ನೋಡುವವರಿಗೆ ಊರಿನವರಿಗಿಂತ ಜಾಸ್ತಿ ಗೊತ್ತಿರುತ್ತದೆ. ಇಲ್ಲಿ ಹಾಗಿಲ್ಲ. ಆ ಊರಿನ ಬಾರ್ ಬೇಲಿಯ್ಸ್ ಟಾವರ್ನ್‌ನಲ್ಲಿ ಕೂತವರ ಕೈಯಲ್ಲಿ ಎಷ್ಟು ಸುಳಿವಿತ್ತೋ ನಮ್ಮ ಕೈಯಲ್ಲೂ ಬಹುಪಾಲು ಅಷ್ಟೇ. ಅವರು ಊಹಿಸುತ್ತಿದ್ದರು, ನಾವೂ ಊಹಿಸುತ್ತಿದ್ದೆವು.

ಎರಡನೇ ವಾರವೇ ನಾನೊಂದು ನೋಟ್‌ಬುಕ್ ತಂದೆ. ಪುಟಕ್ಕೆ ಮೂರು ಕಾಲಮ್ ಹಾಕಿದೆ. ಕಂಡದ್ದು, ಕೇಳಿದ್ದು, ನನ್ನಾಸೆ. ಪರದೆ ಮೇಲೆ ನಾವೇ ನೋಡಿದ್ದು ಮೊದಲನೆಯದರಲ್ಲಿ. ಪಾತ್ರಗಳು ಬಾಯಲ್ಲಿ ಹೇಳಿದ್ದು ಎರಡನೆಯದರಲ್ಲಿ. ಹೀಗಾದರೆ ಚೆನ್ನ ಅಂತ ನನಗೆ ಅನಿಸಿದ್ದು ಮೂರನೆಯದರಲ್ಲಿ. ಊಹೆ ಮಾಡೋವಾಗ ಈ ಮೂರೂ ಕಲಸಿಹೋಗುತ್ತವೆ. ಹೋದ ವಾರ ಯಾರೋ ಹೇಳಿದ ಮಾತು ಈ ವಾರ ಕಣ್ಣಾರೆ ಕಂಡ ಹಾಗೇ ಅನಿಸತೊಡಗುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಅಜ್ಜಿ ಹೇಳುತ್ತಿದ್ದರಲ್ವಾ, ನಾನು ಕಂಡದ್ದನ್ನೂ ಅಳೆದು ನೋಡಲು ಹೊರಟೆ.

ಮೊದಲ ಪ್ರಶ್ನೆ, ಜೆರಿಕೋ ಎಲ್ಲಿದೆ? ಅದು ಕಲ್ಪನೆಯ ಊರು. ಆದರೂ ಡೆನ್ವರ್‌ನ ಮೋಡ ಕಾಣಬೇಕೆಂದರೆ ಎಷ್ಟು ದೂರದೊಳಗೆ ಇರಬೇಕು ಅಂತ ಲೆಕ್ಕ ಹಾಕಬಹುದು. ಭೂಮಿ ದುಂಡಗಿದೆ, ದೂರದ ವಸ್ತುವಿನ ಬುಡ ದಿಗಂತದ ಕೆಳಗೆ ಇಳಿದುಬಿಡುತ್ತದೆ. ವಸ್ತುವಿನ ಎತ್ತರವನ್ನು ಮೀಟರ್‌ನಲ್ಲಿ ತಗೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಎಷ್ಟು ಕಿ.ಮೀ. ದೂರದವರೆಗೆ ಅದರ ತುದಿ ಕಾಣುತ್ತದೆ ಅಂತ ಬರುತ್ತದೆ. ಮೋಡ 10 ಕಿ.ಮೀ. ಎತ್ತರಕ್ಕೆ ಏರಿತು ಅಂತಿಟ್ಟುಕೊಳ್ಳಿ. 10,000ದ ವರ್ಗಮೂಲ 100. ಉತ್ತರ 357 ಕಿ.ಮೀ. ನೆಲ ಸಪಾಟಾಗಿದ್ದರೆ ಮಾತ್ರ ಈ ಲೆಕ್ಕ.

ಭೂಪಟದ ಮೇಲೆ ಸ್ಕೇಲ್ ಇಟ್ಟೆ. ಡೆನ್ವರ್‌ನಿಂದ ನೇರ ಗೆರೆ ಎಳೆದರೆ ಕ್ಯಾನ್ಸಸ್‌ನ ಗುಡ್‌ಲ್ಯಾಂಡ್ ಊರು ಸುಮಾರು 285 ಕಿ.ಮೀ., ಕೋಲ್ಬಿ ಸುಮಾರು 340. ಎರಡೂ ಸರಿಹೊಂದುತ್ತವೆ. ಹೇಸ್ ಹತ್ತಿರ ಹತ್ತಿರ 500, ಅಲ್ಲಿಂದ ಕಾಣಲ್ಲ. ಹಾಗಾದರೆ ಜೆರಿಕೋ ಕ್ಯಾನ್ಸಸ್‌ನ ವಾಯವ್ಯ ಮೂಲೆಯಲ್ಲೇ ಇರಬೇಕು. ಆ ರಾತ್ರಿ ಖುಷಿಯಲ್ಲಿ ನಿದ್ದೆಯೇ ಬರಲಿಲ್ಲ.

ಆದರೆ ಎರಡನೇ ಕಂತು ತೊಡಕು ತಂದಿತು. ವಿಕಿರಣ ತುಂಬಿದ ಮಳೆ ಬರುತ್ತದೆ ಅಂತ ಊರಿನ ಜನ ಉಪ್ಪಿನ ಗಣಿಯೊಳಗೆ ಸೇರಿಕೊಳ್ಳುತ್ತಾರೆ. ಉಪ್ಪಿನ ಗಣಿ! ಕ್ಯಾನ್ಸಸ್‌ನಲ್ಲಿ ಉಪ್ಪಿನ ಗಣಿ ಇರೋದು ನಿಜ. ಹಚಿನ್‌ಸನ್‌ನಲ್ಲಿ ನೆಲದಿಂದ 650 ಅಡಿ ಕೆಳಗೆ ಉಪ್ಪು ತೆಗೆಯುತ್ತಾರೆ, ಲಯನ್ಸ್ ಕಡೆಯೂ ಇದೆ. ಆದರೆ ಇವೆಲ್ಲ ರಾಜ್ಯದ ನಡುಭಾಗದಲ್ಲಿವೆ. ಹಚಿನ್‌ಸನ್‌ನಿಂದ ಡೆನ್ವರ್ 600 ಕಿ.ಮೀ.ಗೂ ಜಾಸ್ತಿ. ಮೋಡ ನೋಡಿದರೆ ಊರು ವಾಯವ್ಯಕ್ಕೆ, ಉಪ್ಪು ನೋಡಿದರೆ ನಡುವಿಗೆ.

ಎರಡು ವಾರ ಇದೇ ಚರ್ಚೆ. ಗುಂಟೂರಿನವಳು ಉಪ್ಪಿನ ಪಕ್ಷ, ನಾನು ಮೋಡದ ಪಕ್ಷ. ಮೋಡವನ್ನು ನಾವೇ ನೋಡಿದ್ದೇವೆ, ಗಣಿಯನ್ನೂ ನಾವೇ ನೋಡಿದ್ದೇವೆ, ಎರಡೂ ಒಂದೇ ಕಾಲಮ್ಮಿನವು. ಕೊನೆಗೆ ನಾನು ಒಪ್ಪಿದ್ದು ಇಷ್ಟು. ಕತೆ ಬರೆಯುವವರು ಬೆಳಕು ಸಾಗುವ ದಾರಿಯನ್ನು ಬದಲಾಯಿಸಲಾರರು, ಗಣಿಯನ್ನು ಮಾತ್ರ ಬೇಕಾದಲ್ಲಿ ತೋಡಬಹುದು. ಈಗಲೂ ನನ್ನ ನಿಲುವು ಅದೇ.

ಅಪ್ಪ ಈ ಕೆಲಸಕ್ಕೆ ಸೇರಿಕೊಂಡಿದ್ದು ಅಕ್ಟೋಬರ್‌ನಲ್ಲಿ. ಪ್ರತಿ ಕಂತಿನ ಶುರುವಿನಲ್ಲಿ ಹೆಸರು ಬರುವಾಗ ಹಿಂದುಗಡೆ ಪೀಂ ಪಿಪ್ ಪಿಪ್ ಅಂತ ಮೋರ್ಸ್ ಸದ್ದು, ಅಂದರೆ ಉದ್ದ ಗಿಡ್ಡ ಸದ್ದುಗಳಲ್ಲಿ ಅಕ್ಷರ ಕಳಿಸುವ ತಂತಿ ಸಂಕೇತ, ಕೇಳುತ್ತಿತ್ತು. ಸುಮ್ನೆ ಅಲಂಕಾರಕ್ಕೆ ಹಾಕಿದ್ದಾರೆ ಅಂದುಕೊಂಡಿದ್ದೆ. ಒಂದು ವಾರ ಗಮನಿಸಿದರೆ ಸದ್ದು ಹಿಂದಿನ ವಾರದ ಹಾಗಿಲ್ಲ! ಅಪ್ಪ ತಂತಿ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕಾಲಿಂಗ್ ಕಾರ್ಡ್ ಗೀಚಿ ನಂಬರ್ ಒತ್ತಿದೆ. ಇಲ್ಲಿ ರಾತ್ರಿ ಎಂಟು, ಸಾಗರದಲ್ಲಿ ಬೆಳಗಿನ ಆರೂವರೆ. ಅಮ್ಮ ಕಾಫಿ ಸೋಸುವ ಹೊತ್ತು.

"ಅಪ್ಪಾ, ಒಂದು ಸದ್ದು ಕೇಳಿಸ್ತೀನಿ. ಏನು ಅಂತ ಹೇಳ್ತೀರಾ?"

ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿದ್ದನ್ನು ಹಾಕಿ ಫೋನನ್ನು ಟೀವಿ ಸ್ಪೀಕರ್‌ಗೆ ಹಿಡಿದೆ. ಆ ಕಡೆ ಮೌನ. ಆಮೇಲೆ, "ಇನ್ನೊಂದ್ಸಲ ಹಾಕು ಪುಟ್ಟಿ."

ಅಪ್ಪನಿಗೆ ರೂಢಿ ಇದ್ದದ್ದು ಕಚೇರಿಯ ಸೌಂಡರ್‌ನ ಕಟ್ಟ ಕಡ ಸದ್ದು. ಎರಡು ಬಡಿತದ ನಡುವಿನ ಬಿಡುವನ್ನು ಕಿವಿಯಲ್ಲಿ ಅಳೆದು ಅಕ್ಷರ ಹಿಡಿಯುವ ವಿದ್ಯೆ ಅದು. ಇಲ್ಲಿದ್ದದ್ದು ರೇಡಿಯೋದ ಪೀಂ ಸದ್ದು, ಅದರ ಮೇಲೆ ಸಂಗೀತ, ಅದರ ಮೇಲೆ ಸಾವಿರಾರು ಮೈಲಿಯ ಫೋನ್ ಲೈನಿನ ಗೊರಗೊರ. ಐದು ಸಲ ಹಾಕಿಸಿದರು. ಅವರ ಪೆನ್ಸಿಲ್ ಹಾಳೆಯ ಮೇಲೆ ಓಡುವ ಸದ್ದು ನನಗೆ ಕೇಳಿಸುತ್ತಿತ್ತು. ಆರನೇ ಸಲಕ್ಕೆ ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳತೊಡಗಿದರು. ನಾನು ಈ ಕಡೆ ಬರೆದುಕೊಂಡೆ. ಅಕ್ಷರ ಸೇರಿ ಪದವಾಯಿತು, ಪದ ಸೇರಿ ಆ ವಾರದ ಕತೆಗೆ ಸೇರಿದ ಒಂದು ಚುಟುಕು ಸುಳಿವಾಯಿತು. ಅಪ್ಪ ನಕ್ಕ ನಗು ಇವತ್ತಿಗೂ ಕಿವಿಯಲ್ಲಿದೆ. ಕೈಬಿಟ್ಟು ಎಷ್ಟೋ ವರ್ಷವಾಗಿದ್ದ ವಿದ್ಯೆ ಮತ್ತೆ ಕೈಗೆ ಬಂದಿತ್ತು.

ಅಲ್ಲಿಂದ ಗುರುವಾರ ಬೆಳಿಗ್ಗೆ ಅವರು ಫೋನಿನ ಪಕ್ಕದಲ್ಲೇ ಪೆನ್ಸಿಲ್ ಇಟ್ಟುಕೊಂಡು ಕೂರುತ್ತಿದ್ದರಂತೆ. ಅಮ್ಮ ಹೇಳಿದ್ದು. ಕತೆಯೊಳಗೂ ರಾಬರ್ಟ್ ಹಾಕಿನ್ಸ್ ಅನ್ನುವವನು ಹೀಗೇ ರೇಡಿಯೋದಲ್ಲಿ ಮೋರ್ಸ್ ಕೇಳಿ, ಬಾಂಬು ಬಿದ್ದ ಊರುಗಳ ಮೇಲೆ ಭೂಪಟದಲ್ಲಿ ಪಿನ್ ಚುಚ್ಚುತ್ತಾನೆ. ಅಪ್ಪನಿಗೆ ಆ ಪಾತ್ರದ ಮೇಲೆ ಬಹಳ ಮಮತೆ.

ನಾನು ದೊಡ್ಡದಾಗಿ ತಪ್ಪಿದ್ದು ಇದೇ ಹಾಕಿನ್ಸ್ ವಿಷಯದಲ್ಲಿ. ಸೇಂಟ್ ಲೂಯಿಸ್‌ನಲ್ಲಿ ಪೊಲೀಸ್ ಆಗಿದ್ದೆ ಅಂತ ಹೇಳಿಕೊಂಡು ಊರಿಗೆ ಬಂದವನು. ಅವನಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ. ಇವನೇ ಬಾಂಬು ಇಟ್ಟವನು ಅಂತ ನಾನು ನಿಶ್ಚಯ ಮಾಡಿಬಿಟ್ಟೆ. ಅಪ್ಪ ಒಪ್ಪಲಿಲ್ಲ. "ಮೊದಲ ದಿನ ಊರನ್ನ ಉಳಿಸೋಕೆ ದಾರಿ ತೋರಿಸಿದ್ದು ಯಾರು? ಅದನ್ನ ನೀನೇ ಹೇಳಿದ್ದೆಯಲ್ಲ" ಅಂದರು. ನಿಜ, ನನ್ನ ನೋಟ್‌ಬುಕ್ಕಿನ ಕಂಡದ್ದು ಕಾಲಮ್ಮಿನಲ್ಲೇ ಅದು ಬರೆದಿತ್ತು. ನಾನು ಅದನ್ನು ಬಿಟ್ಟು ಅನುಮಾನವನ್ನೇ ಹಿಡಿದಿದ್ದೆ. ಆಮೇಲೆ ತಿಳಿದದ್ದು, ಅವನು ಬಾಂಬಿನ ಗುಂಪಿನೊಳಗೆ ವೇಷ ಮರೆಸಿಕೊಂಡಿದ್ದ ಸಿಐಎ ಮನುಷ್ಯ. ಒಂದು ಬಾಂಬನ್ನು ತನ್ನ ಬಳಿಯೇ ಬಚ್ಚಿಟ್ಟುಕೊಂಡಿದ್ದವನು. ಆ ಪುಟಕ್ಕೆ ನಾನು ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದೆ, ಹರಿಯಲಿಲ್ಲ. ತಪ್ಪಿದ ಊಹೆಯನ್ನು ಅಳಿಸಬಾರದು. ಎಲ್ಲಿ ತಪ್ಪಿತು ಅಂತ ಮುಂದೆ ನೋಡೋಕೆ ಅದು ಬೇಕು.

ನವೆಂಬರ್ 29ಕ್ಕೆ ಹನ್ನೊಂದನೇ ಕಂತು ಮುಗಿದು ಫೆಬ್ರವರಿ 21ರವರೆಗೆ ಹೊಸ ಕಂತಿಲ್ಲ. ಆ ಮೂರು ತಿಂಗಳ ಬಿಡುವಲ್ಲಿ ಗೆಳತಿಯ ಮನೆಗೆ ಅಂತ ಮೂವರೂ ಪಶ್ಚಿಮಕ್ಕೆ ಹೊರಟೆವು. ಹತ್ತಿರ ಹತ್ತಿರ 490 ಕಿ.ಮೀ., ಇಂಟರ್‌ಸ್ಟೇಟ್ 70 ಹಿಡಿದು ಸೀದಾ ದಾರಿ. ನೋಟ್‌ಬುಕ್ ಬ್ಯಾಗಲ್ಲಿತ್ತು. ಗುಡ್‌ಲ್ಯಾಂಡ್ ಹತ್ತಿರ ಬಂದಾಗ ಮೊಬೈಲ್‌ನ ಗಡಿಯಾರ ತಾನಾಗಿ ಒಂದು ಗಂಟೆ ಹಿಂದೆ ಹೋಯಿತು. ಕ್ಯಾನ್ಸಸ್‌ನ ಪಶ್ಚಿಮದಂಚಿನ ನಾಲ್ಕು ಕೌಂಟಿಗಳು ಮೌಂಟನ್ ಟೈಮ್‌ನಲ್ಲಿವೆ, ಗುಡ್‌ಲ್ಯಾಂಡ್ ಅದರಲ್ಲೊಂದು ಕೌಂಟಿಯ ಊರು. ಊರಿಗಿಂತ ಬಹಳ ಮೊದಲೇ ಧಾನ್ಯ ತುಂಬುವ, ಎಲಿವೇಟರ್ ಅನ್ನುವ ಎತ್ತರದ ಕಣಜ ಕಾಣುತ್ತದೆ, ಬೂದು ಬಣ್ಣದ ಕಂಬದ ಸಾಲಿನ ಹಾಗೆ. ಅದು ಕಂಡ ಮೇಲೂ ಎಷ್ಟೋ ಹೊತ್ತು ಗಾಡಿ ಓಡಬೇಕು.

ಊರ ಹೊರಗೆ ಗಾಡಿ ನಿಲ್ಲಿಸಿ ಪಶ್ಚಿಮಕ್ಕೆ ಮುಖ ಮಾಡಿ ನಿಂತೆ. ಕೊಯ್ದ ಹೊಲ, ಅಲ್ಲಲ್ಲಿ ಹಿಮ, ಮುಖಕ್ಕೆ ಹೊಡೆಯುವ ಗಾಳಿ. ಒಂದು ಗುಡ್ಡವಿಲ್ಲ, ಒಂದು ತೋಪಿಲ್ಲ. ಧಾರಾವಾಹಿಯಲ್ಲಿ ಊರಿನ ಹಿಂದೆ ಬೆಟ್ಟ ಕಾಣುತ್ತಿತ್ತು, ಯಾಕೆಂದರೆ ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಗೆಳತಿಗೆ ಅದೊಂದು ಕೊರಗು. ಇಲ್ಲಿ ನಿಂತಾಗ ನನ್ನ 357ರ ಲೆಕ್ಕಕ್ಕೆ ಮೊದಲ ಸಲ ಭಯ ಸೇರಿಕೊಂಡಿತು. ಈ ನೆಲದಲ್ಲಿ ಯಾವುದೂ ಅಡ್ಡ ಬರುವುದಿಲ್ಲ. ಮೋಡ ಎದ್ದರೆ ಕಂಡೇ ಕಾಣುತ್ತದೆ. ಗಾಳಿಯೂ ಅಲ್ಲಿಂದಲೇ ಬೀಸುತ್ತಿತ್ತು.

ಆ ಗಾಳಿಯ ಲೆಕ್ಕವನ್ನೂ ಬರೆದಿದ್ದೆ. ಅಣುಬಾಂಬಿನ ಧೂಳಿನ ವಿಕಿರಣಕ್ಕೆ ಒಂದು ಅಂದಾಜು ಸೂತ್ರವಿದೆ. ಹೊತ್ತು ಏಳು ಪಟ್ಟಾದರೆ ವಿಕಿರಣ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಮೊದಲ ಗಂಟೆಯಲ್ಲಿ 1000 ಇದ್ದದ್ದು ಏಳು ಗಂಟೆಗೆ 100, ಎರಡು ದಿನಕ್ಕೆ 10, ಎರಡು ವಾರಕ್ಕೆ 1. ಜೆರಿಕೋದ ಜನ ಮಳೆ ನಿಂತ ಮೇಲೆ ಬೇಗನೇ ಹೊರಬಂದರು. ನನ್ನ ಪ್ರಕಾರ ಇನ್ನಷ್ಟು ದಿನ ಒಳಗಿರಬೇಕಿತ್ತು.

ಸರಿಯಾದ ಊಹೆಗಳೂ ಇದ್ದವು. ಒಂದು ಕಂತಿನ ಕೊನೆಯಲ್ಲಿ ಕ್ಷಿಪಣಿಗಳು ಆಕಾಶಕ್ಕೆ ಹಾರುವುದನ್ನು ಊರೆಲ್ಲ ನಿಂತು ನೋಡುತ್ತದೆ. ನಾನು ಭೂಪಟ ತೆಗೆದೆ. ವಯೋಮಿಂಗ್‌ನ ಚೆಯೆನ್ ಪಕ್ಕದ ವಾಯುನೆಲೆಗೆ ಸೇರಿದ 150 ಮಿನಿಟ್‌ಮನ್ ಕ್ಷಿಪಣಿಗಳನ್ನು ಇಡುವ ನೆಲದೊಳಗಿನ ಬಾವಿಗಳು ವಯೋಮಿಂಗ್, ನೆಬ್ರಾಸ್ಕಾ, ಕೊಲರಾಡೊ ಸೇರುವ ಕಡೆ ಹರಡಿಕೊಂಡಿದ್ದವು. ಸೈನ್ಯ ಉಳಿದಿರುವ ಕಡೆ ಸರ್ಕಾರ ಹುಟ್ಟುತ್ತದೆ ಅಂತ ಬರೆದೆ. ಮುಂದೆ ಕತೆಯಲ್ಲಿ ಪಶ್ಚಿಮದ ಹೊಸ ಸರ್ಕಾರದ ರಾಜಧಾನಿ ಚೆಯೆನ್ ಅಂತ ಬಂದಾಗ ಮೂವರೂ ಎದ್ದು ಕುಣಿದೆವು. ಜೆರಿಕೋದಲ್ಲಿ ಉಪ್ಪು, ಪಕ್ಕದ ನ್ಯೂ ಬರ್ನ್‌ನಲ್ಲಿ ಗಾಳಿಯಂತ್ರ, ಇವರಿಬ್ಬರ ಕೊಡುಕೊಳ್ಳುವಿಕೆ ಜಗಳಕ್ಕೇ ಹೋಗುತ್ತದೆ ಅಂತಲೂ ಬರೆದಿದ್ದೆ. ಅದು ಹಳ್ಳಿಯಲ್ಲಿ ಬೆಳೆದ ಯಾರಿಗಾದರೂ ಹೊಳೆಯುವ ಮಾತು. ಕೆರೆಯ ನೀರು ಹಂಚಿಕೊಳ್ಳುವ ಎರಡು ಊರುಗಳನ್ನು ನೋಡಿದ್ದರೆ ಸಾಕು.

ಲಾರೆನ್ಸ್ ನಗರವೂ ಹೋಯಿತು ಅಂತ ಕತೆಯಲ್ಲಿ ತಿಳಿದ ದಿನ ಮಾತ್ರ ನಾನು ಏನೂ ಬರೆಯಲಿಲ್ಲ. ನಮ್ಮಿಂದ ಒಂದೂವರೆ ಗಂಟೆ ದಾರಿ. ಕಳೆದ ಯುಗಾದಿಗೆ ಒಬ್ಬಟ್ಟು ತಿಂದದ್ದು ಅಲ್ಲಿನ ಕನ್ನಡದವರ ಮನೆಯಲ್ಲಿ. ಕತೆ ಅಂತ ಗೊತ್ತಿದ್ದರೂ ಅವರಿಗೆ ಫೋನ್ ಮಾಡಿ ಹಾಗೇ ಊಟ ಆಯ್ತಾ ಅಂತ ಕೇಳಿದೆ.

2007ರ ಮೇ 9ಕ್ಕೆ 22ನೇ ಕಂತು. ಶರಣಾಗು ಅಂತ ನ್ಯೂ ಬರ್ನ್ ಕಡೆಯವನು ರೇಡಿಯೋದಲ್ಲಿ ಕೇಳಿದರೆ ಕತೆಯ ನಾಯಕ ಜೇಕ್ ಗ್ರೀನ್ ಒಂದೇ ಪದ ಹೇಳುತ್ತಾನೆ, "ನಟ್ಸ್". ಎರಡನೇ ಮಹಾಯುದ್ಧದಲ್ಲಿ, 1944ರ ಡಿಸೆಂಬರ್‌ನಲ್ಲಿ, ಬೆಲ್ಜಿಯಂನ ಬಾಸ್ಟೋನ್ ಊರಿನಲ್ಲಿ ಸುತ್ತುವರಿದ ಜರ್ಮನ್ನರಿಗೆ ಅಮೆರಿಕದ ಜನರಲ್ ಮೆಕಾಲಿಫ್ ಕೊಟ್ಟ ಉತ್ತರ ಅದು. ಆಗಲ್ಲ ಹೋಗು ಅನ್ನುವ ಧಾಟಿ. ಕಡಲೆಕಾಯಿಯಂಥ ಕಾಯಿಗಳಿಗೂ ಇಂಗ್ಲಿಷಲ್ಲಿ ನಟ್ಸ್ ಅಂತಲೇ ಹೆಸರು. ಒಂದೇ ವಾರಕ್ಕೆ ಧಾರಾವಾಹಿ ರದ್ದು ಅಂತ ಸುದ್ದಿ ಬಂತು. ನೋಡುಗರು ಅದೇ ಪದ ಹಿಡಿದು ಚಾನೆಲ್‌ನ ಕಚೇರಿಗೆ ಕಡಲೆಕಾಯಿ ಕಳಿಸತೊಡಗಿದರು. ನಾವೂ ಮೂವರು ದುಡ್ಡು ಸೇರಿಸಿ ಕಳಿಸಿದೆವು. ಒಟ್ಟು 20 ಟನ್‌ಗೂ ಜಾಸ್ತಿ ಹೋಯಿತು. ಜೂನ್ 6ಕ್ಕೆ ಇನ್ನೂ ಏಳು ಕಂತು ಮಾಡುತ್ತೇವೆ ಅಂತ ಚಾನೆಲ್ ಹೇಳಿತು. ಅಪ್ಪನಿಗೆ ಫೋನ್ ಮಾಡಿದರೆ, "ಕಡಲೆಕಾಯಿಗೆ ಮಣಿದ್ರಾ!" ಅಂತ ಎರಡೆರಡು ಸಲ ಕೇಳಿದರು.

ಆ ಏಳು ಕಂತು 2008ರ ಮಾರ್ಚ್ 25ಕ್ಕೆ ಮುಗಿದವು. ಮುಂದುವರಿದರೆ ಒಂದು, ನಿಂತುಹೋದರೆ ಇನ್ನೊಂದು ಅಂತ ಎರಡು ಕೊನೆ ಚಿತ್ರೀಕರಿಸಿದ್ದರು. ನಾವು ಟೀವಿಯಲ್ಲಿ ನೋಡಿದ್ದು ಎರಡನೆಯದು. 2009ರಿಂದ ಕತೆ ಕಾಮಿಕ್ಸ್ ಪುಸ್ತಕಗಳಲ್ಲಿ ಮುಂದುವರಿಯಿತು. ನಾನು ಅದನ್ನು ಬೇಕಂತಲೇ ಓದಿಲ್ಲ. ಕತೆಯಲ್ಲಿ ಒಡೆದುಹೋದ ದೇಶದಲ್ಲಿ ಟೆಕ್ಸಾಸ್ ರಾಜ್ಯ ಯಾರ ಕಡೆ ಸೇರುತ್ತದೆ ಅನ್ನೋದು ನನ್ನ ಮೂರನೇ ಕಾಲಮ್ಮಿನಲ್ಲಿದೆ. ಅಲ್ಲೇ ಇರಲಿ.

ಊರಿಗೆ ಹೋದಾಗ ಎಲ್ಲ ಕಂತುಗಳ ಡಿವಿಡಿ ತಗೊಂಡು ಹೋದೆ. ಅಪ್ಪ ಅದುವರೆಗೆ ಕತೆಯನ್ನು ನನ್ನ ಬಾಯಲ್ಲಿ ಕೇಳಿದ್ದರೇ ಹೊರತು ಒಂದು ಕಂತೂ ನೋಡಿರಲಿಲ್ಲ. ಕುರ್ಚಿಯನ್ನು ಟೀವಿ ಹತ್ತಿರಕ್ಕೆ ಎಳೆದುಕೊಂಡು, ಮಡಿಲಲ್ಲಿ ಹಳೇ ಡೈರಿ ಇಟ್ಟುಕೊಂಡು ಕೂತರು. ಮೊದಲ ಕಂತಿನ ಹೆಸರು ಬಂತು, ಸದ್ದು ಶುರುವಾಯಿತು, ಪೆನ್ಸಿಲ್ ಓಡಿತು. ಹೆಸರು ಮಾಯವಾದ ಕೂಡಲೇ ಕೈ ಎತ್ತಿ ನಿಲ್ಲಿಸಿದರು.

"ಹಿಂದೆ ಹಾಕು ಪುಟ್ಟಿ. ಒಂದಕ್ಷರ ಬಿಟ್ಟೋಯ್ತು."