ಹಿಮ್ಮಡಿ ನೋವು: ಕೊನೆಗೂ ನನಗೆ ಕೆಲಸ ಮಾಡಿದ್ದು ಟವೆಲ್ ಮತ್ತು ಮೆಟ್ಟಿಲು

ಬೆಳಿಗ್ಗೆ ಮಂಚದಿಂದ ಇಳಿದು ಇಡುವ ಮೊದಲ ಹೆಜ್ಜೆ, ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಪ್ಲಾಂಟರ್ ಫೇಶಿಯೈಟಿಸ್ (ಹಿಮ್ಮಡಿಯಿಂದ ಬೆರಳುಗಳ ಬುಡದ ತನಕ ಪಾದದಡಿ ಹೋಗುವ ದಪ್ಪ ಪಟ್ಟಿಯ ತೊಂದರೆ) ಆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತು ಹೆಜ್ಜೆ ನಡೆದರೆ ನೋವು ಇಳಿಯುತ್ತದೆ, ಅದನ್ನೇ ನಂಬಿ ಶೂ ಕಟ್ಟುತ್ತೇವೆ. ನಾನು ಎರಡು ತಿಂಗಳು ಹಾಗೇ ಓಡಿದೆ.

ಆಮೇಲೆ ಪೂರ್ತಿ ನಿಲ್ಲಿಸಿದೆ. ಆರು ವಾರಕ್ಕೆ ನೋವು ಹೋಯಿತು. ಖುಷಿಯಲ್ಲಿ 5 ಕಿಲೋಮೀಟರ್ ಓಡಿದೆ, ಮರುದಿನ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದೆ. ಇದೇ ತಪ್ಪು ಎರಡು ಸಲ ಆಯಿತು. ಸುಮ್ನೆ ಕೂತರೆ ನೋವು ಇಳಿಯುತ್ತದೆ, ಆದರೆ ಪಾದಕ್ಕೆ ಭಾರ ಹೊರುವ ತಾಕತ್ತು ಬರುವುದಿಲ್ಲ. ಇದು ನನ್ನ ತಲೆಗೆ ಹೋಗಲು ಅರ್ಧ ವರ್ಷ ಬೇಕಾಯಿತು.

ಈ ನಡುವೆ ದುಡ್ಡು ನೀರಿನ ಹಾಗೆ ಹೋಯಿತು. ಸಿಲಿಕಾನ್ ಹೀಲ್ ಕಪ್, ಅಳತೆ ಕೊಟ್ಟು ಮಾಡಿಸಿದ ಇನ್ಸೋಲ್ (ಒಂದು ಜೊತೆ ಒಳ್ಳೆ ಶೂಗಿಂತ ಜಾಸ್ತಿ ಆಯಿತು), ರಾತ್ರಿ ಕಟ್ಟಿಕೊಳ್ಳುವ ಸ್ಪ್ಲಿಂಟ್. ಸ್ಪ್ಲಿಂಟ್‌ನಲ್ಲಿ ನಿದ್ದೆಯೇ ಬರಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಮುಳ್ಳು ಕಂಡಾಗ ಹೆದರಿದ್ದೆ, ಆದರೆ ನೋವೇ ಇಲ್ಲದ ಎಷ್ಟೋ ಜನರಲ್ಲೂ ಅದು ಇರುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ ಬೇಡ ಅಂದೆ. ಪಾದದ ಆ ಪಟ್ಟಿ ಹರಿಯುವ ಅಪಾಯ ಇದೆ, ಓಡುವವನಿಗೆ ಅದು ದೊಡ್ಡ ವಿಷಯ ಅಲ್ವಾ?

ಕೊನೆಗೆ ಹಿಡಿದದ್ದು ಡೆನ್ಮಾರ್ಕಿನ ಸಂಶೋಧಕರು ಪರೀಕ್ಷಿಸಿದ, ಪಾದಕ್ಕೆ ಭಾರ ಕೊಡುವ ವ್ಯಾಯಾಮ. ಮೆಟ್ಟಿಲ ಅಂಚಿನಲ್ಲಿ ಸುತ್ತಿದ ಟವೆಲ್, ಅದರ ಮೇಲೆ ಬೆರಳುಗಳು ಮೇಲಕ್ಕೆ ಬಾಗಿರಬೇಕು. ಒಂದೇ ಕಾಲಲ್ಲಿ ಹಿಮ್ಮಡಿ ಎತ್ತಲು 3 ಸೆಕೆಂಡ್, ಮೇಲೆ 2, ಇಳಿಸಲು 3. ದಿನ ಬಿಟ್ಟು ದಿನ. ಮೊದಲು 12ರಂತೆ 3 ಸೆಟ್, ಎರಡು ವಾರ ಕಳೆದು ಬೆನ್ನಿಗೆ ಪುಸ್ತಕದ ಬ್ಯಾಗ್ ಹಾಕಿ 10ರಂತೆ 4, ಆಮೇಲೆ 8ರಂತೆ 5. ಜೊತೆಗೆ ಓಡುವವರು "ನೋಯುವ ಕಾಲಿಗೇ ಭಾರ ಹಾಕ್ತೀಯಾ?" ಅಂದರು. ಯಾವ ವಾರ ಬ್ಯಾಗ್ ಎಷ್ಟು ತೂಗುತ್ತಿತ್ತು ಅನ್ನೋದು ನನ್ನ ಹತ್ತಿರಾನೇ ಇರಲಿ, ಅದನ್ನು ನಿಮ್ಮ ಪಾದ ಹೇಳಬೇಕು.

ನಿಜವಾದ ಕಷ್ಟ ಕಾಯುವುದು. ದಿನಾ ಬೆಳಿಗ್ಗೆ ಮೊದಲ ಹೆಜ್ಜೆಯ ನೋವಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಬರೆದಿಟ್ಟೆ. 6, 5, 7, ಮತ್ತೆ 6. ಒಂದು ತಿಂಗಳು ಅಲ್ಲೇ ಸುತ್ತುತ್ತಿತ್ತು. ಏಳನೇ ವಾರ 3 ಬಂದಾಗ ಓಡಿಬಿಡೋಣ ಅನ್ನಿಸಿ ಶೂ ಹಾಕಿಕೊಂಡು ಬಾಗಿಲ ತನಕ ಹೋಗಿದ್ದೆ. ಹಳೇ ಪುಟ ತಿರುವಿ ನೋಡಿದೆ, ಶೂ ಬಿಚ್ಚಿದೆ. ಆ ದಿನ ಬಿಚ್ಚಿದ್ದಕ್ಕೇ ಇವತ್ತು ಓಡುತ್ತಿದ್ದೇನೆ.

ಮಧ್ಯೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ನೋಡಿದೆ. ಮೀನಖಂಡ ಬಿಗಿದುಕೊಂಡು ಅಂಕ ಎರಡು ಏರಿತು, ಬಿಟ್ಟೆ. ಓಡುವಾಗ ಹೆಜ್ಜೆ ಗಿಡ್ಡ ಮಾಡಿದ್ದು ಮಾತ್ರ ಉಪಯೋಗಕ್ಕೆ ಬಂತು, ನಿಮಿಷಕ್ಕೆ 160 ಹೆಜ್ಜೆಯ ಆಸುಪಾಸಿನಿಂದ 170ಕ್ಕೆ ತಂದೆ.

ಹನ್ನೆರಡು ವಾರ ಆದಮೇಲೆ 1 ನಿಮಿಷ ಓಟ, 4 ನಿಮಿಷ ನಡಿಗೆ, ಹೀಗೆ ಐದು ಸಲ. ಮರುದಿನದ ಅಂಕ ಏರಿದರೆ ಮುಂದಿನ ಓಟ ಇಲ್ಲ. ಇನ್ನೂ ನಾಲ್ಕು ತಿಂಗಳು ಹೀಗೇ ಹೋಯಿತು.

ಹೋದ ಭಾನುವಾರ 10 ಕಿಲೋಮೀಟರ್, ಸುಮಾರು 64 ನಿಮಿಷ, ಒಮ್ಮೆಯೂ ನಿಲ್ಲಲಿಲ್ಲ. ಸೋಮವಾರ ಬೆಳಿಗ್ಗೆ ಕಾಲು ಕೆಳಗಿಟ್ಟೆ. ಅಂಕ 1. ಟವೆಲ್ ಇನ್ನೂ ಮೆಟ್ಟಿಲ ಹತ್ತಿರವೇ ಇದೆ.