ಹವಳದ ತೊಟ್ಟಿಗೆ ಟೆಸ್ಟ್ ಕಿಟ್‌ಗಳನ್ನು ಆರಿಸಿಕೊಂಡ ಬಗೆ

ಬೆಂಗಳೂರಿನ ನಮ್ಮ ಮನೆಯಲ್ಲಿ 120 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಡಲು ಹೊರಟಾಗ ಗಾಜಿನ ತೊಟ್ಟಿ, ದೀಪ, ಪಂಪುಗಳ ಆಯ್ಕೆ ಬೇಗನೆ ಮುಗಿಯಿತು. ನೀರನ್ನು ಪರೀಕ್ಷಿಸಲು ಯಾವ ಟೆಸ್ಟ್ ಕಿಟ್ ಕೊಳ್ಳಬೇಕೆಂಬುದಕ್ಕೆ ಮಾತ್ರ ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಐದಾರು ಪರೀಕ್ಷೆಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ, ಬೆಲೆಯೂ ಅಗ್ಗವೆನಿಸುತ್ತದೆ. ಆದರೆ ಒಂದೊಂದರ ಮುಂದೆಯೂ ನಿಂತು, ಇದು ತೋರಿಸುವ ಅಂಕಿಯನ್ನು ಕಂಡು ನಾನು ಏನನ್ನಾದರೂ ಬದಲಿಸುತ್ತೇನೆಯೇ ಎಂದು ಕೇಳಿಕೊಂಡಾಗ ಪಟ್ಟಿ ಅರ್ಧಕ್ಕಿಳಿಯಿತು.

ಯಾವ ಜೀವಿಗಳನ್ನು ಸಾಕುತ್ತೇವೆ ಎಂಬುದೇ ಈ ಪಟ್ಟಿಯನ್ನು ತೀರ್ಮಾನಿಸುತ್ತದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ನಾನು ಅವುಗಳ ಗೋಜಿಗೆ ಹೋಗಲಿಲ್ಲ. ನಾನು ಸಾಕುವ ಜೊವಾಂತಿಡ್, ಮಶ್ರೂಮ್‌ಗಳಂಥ ಮೆತ್ತನೆಯ ಹವಳಜಾತಿಯ ಜೀವಿಗಳು ಸುಣ್ಣದ ಅಸ್ಥಿಪಂಜರ ಕಟ್ಟುವುದಿಲ್ಲವಾದ್ದರಿಂದ ಕ್ಯಾಲ್ಸಿಯಂ, ಮೆಗ್ನೀಷಿಯಂಗಳ ಖರ್ಚು ಅಷ್ಟಾಗಿ ಇರುವುದಿಲ್ಲ. ವಾರವಾರ ನೀರು ಬದಲಿಸಿದರೆ ಹೊಸ ಉಪ್ಪೇ ಅದನ್ನು ತುಂಬಿಕೊಡುತ್ತದೆ. ಆ ಎರಡು ಕಿಟ್‌ಗಳನ್ನು ಕೈಬಿಟ್ಟೆ.

ಮೊದಲು ಕೊಂಡದ್ದು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್. ಆರ್‌ಒ ನೀರಿನ ಹನಿ ಹಾಕಿ ಸೊನ್ನೆಗೆ ಹೊಂದಿಸಿದರೆ ಸಾಕೆಂದುಕೊಂಡಿದ್ದೆ. ಆಮೇಲೆ 35 ಪಿಪಿಟಿಯ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ಸಿದ್ಧ ದ್ರಾವಣವನ್ನು ತಂದು ನೋಡಿದರೆ ಅದು 33 ಎಂದು ತೋರಿಸಿತು. ಅಳೆಯಬೇಕಾದ ಅಂಕಿಯ ಹತ್ತಿರದಲ್ಲೇ ಉಪಕರಣವನ್ನು ಹೊಂದಿಸಬೇಕೆಂಬುದನ್ನು ಅಂದೇ ಕಲಿತೆ, ಮುಂದೆ ಪ್ರತಿ ಕಿಟ್‌ಗೂ ಅದನ್ನೇ ಅನ್ವಯಿಸಿದೆ.

ಅಮೋನಿಯಾ ಕಿಟ್ ಬೇಕಾಗುವುದು ಮುಖ್ಯವಾಗಿ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ನೆಲೆಗೊಳ್ಳುವವರೆಗೆ. ಅಮೋನಿಯಂ ಕ್ಲೋರೈಡ್ ಹಾಕಿ 2 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ ಎರಡು ಭಾಗ) ಏರಿಸಿ, ಮರುದಿನ ಅದು ಇಳಿದಿದೆಯೇ ಎಂದು ನೋಡುವುದಕ್ಕೆ ಎಪಿಐ ಕಂಪನಿಯ ಅಗ್ಗದ ಕಿಟ್ ಧಾರಾಳವಾಗಿ ಸಾಲುತ್ತದೆ. ನೈಟ್ರೈಟ್ ಕಿಟ್ ಕೊಳ್ಳಲಿಲ್ಲ. ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಕ್ಲೋರೈಡ್, ಕಿವಿರುಗಳ ಮೂಲಕ ನೈಟ್ರೈಟ್ ಒಳಸೇರುವುದನ್ನು ತಡೆಯುವುದರಿಂದ ಸಿಹಿನೀರಿನ ಮೀನುಗಳಿಗಿರುವಷ್ಟು ಅಪಾಯ ಇಲ್ಲಿಲ್ಲ. ಆದರೆ ನೀರಿನಲ್ಲಿ ನೈಟ್ರೈಟ್ ಇರುವಾಗ ನೈಟ್ರೇಟ್ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಆ ವಾರಗಳಲ್ಲಿ ನೈಟ್ರೇಟ್ ಅಳೆದು ಗಾಬರಿಯಾಗಬೇಕಿಲ್ಲ.

ನಾನು ನಿಜವಾಗಿ ಮೋಸಹೋದದ್ದು ನೈಟ್ರೇಟ್ ವಿಷಯದಲ್ಲಿ. ಅಂಗಡಿಯೊಂದರಲ್ಲಿ ಕೊಂಡ ಅದ್ದಿ ನೋಡುವ ಪಟ್ಟಿಗಳು ಎರಡು ತಿಂಗಳು ಸತತವಾಗಿ ಸೊನ್ನೆಯನ್ನೇ ತೋರಿಸಿದವು, ಇತ್ತ ಕಲ್ಲುಗಳ ಮೇಲೆ ಹಸಿರು ಪಾಚಿ ದಟ್ಟವಾಗುತ್ತ ಹೋಯಿತು. ಪಾಚಿಯೇ ಎಲ್ಲವನ್ನೂ ಹೀರಿಕೊಳ್ಳುತ್ತಿರಬಹುದೆಂದು ಸಮಾಧಾನ ಹೇಳಿಕೊಂಡೆ. ಕೊನೆಗೆ ತೋಟದವರು ಬಳಸುವ 13-0-45 ಗೊಬ್ಬರವನ್ನು, ಅಂದರೆ ಪೊಟ್ಯಾಷಿಯಂ ನೈಟ್ರೇಟನ್ನು, 1.63 ಗ್ರಾಂ ತೂಗಿ ಒಂದು ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿದೆ. ಅದರಲ್ಲಿ ನೈಟ್ರೇಟ್ ಸುಮಾರು 1000 ಪಿಪಿಎಂ ಇರುತ್ತದೆ. ಅದರ 10 ಮಿಲಿಯನ್ನು ಹೊಸದಾಗಿ ಕಲಸಿದ 990 ಮಿಲಿ ಉಪ್ಪುನೀರಿಗೆ ಸೇರಿಸಿದರೆ 10 ಪಿಪಿಎಂ. ಆ ನೀರಿನಲ್ಲಿ ಅದ್ದಿದಾಗಲೂ ಪಟ್ಟಿ ಬಿಳಿಯಾಗಿಯೇ ಉಳಿಯಿತು. ಅದೇ ನೀರನ್ನು ಸ್ಯಾಲಿಫರ್ಟ್ ಕಂಪನಿಯ ಕಿಟ್‌ನಲ್ಲಿ ನೋಡಿದಾಗ ಬಣ್ಣ 10ರ ಚೌಕಕ್ಕೆ ಸರಿಯಾಗಿ ಕೂತಿತು, ನನ್ನ ತೊಟ್ಟಿಯ ನೀರಂತೂ ಅದಕ್ಕಿಂತ ಎಷ್ಟೋ ಗಾಢವಾದ ಗುಲಾಬಿಯಾಯಿತು. ಬಣ್ಣ ಹೋಲಿಸುವುದನ್ನು ತೊಟ್ಟಿಯ ನೀಲಿ ದೀಪದಡಿ ಮಾಡಬಾರದು. ನಾನು ಹಗಲಿನಲ್ಲಿ ಅಡುಗೆಮನೆಯ ಕಿಟಕಿಯ ಬಳಿ ಮಾತ್ರ ನೋಡುತ್ತೇನೆ.

ಕ್ಷಾರೀಯತೆಯ (ನೀರು ಆಮ್ಲವನ್ನು ತಡೆದುಕೊಳ್ಳುವ ಶಕ್ತಿಯ) ಕಿಟ್ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಏಕೆಂದರೆ ಇಲ್ಲಿ ಹಲವು ಛಾಯೆಗಳ ನಡುವೆ ಊಹಿಸಬೇಕಿಲ್ಲ, ಬಣ್ಣ ತಿರುಗುವ ಒಂದು ಗಳಿಗೆಯನ್ನು ಹಿಡಿದರಾಯಿತು. ಸಿರಿಂಜಿನಿಂದ ಒಂದೊಂದೇ ಹನಿ ಬಿಟ್ಟು ಅಲುಗಿಸುತ್ತ ಹೋದರೆ ನೀಲಿ ಹಸಿರಾಗಿದ್ದ ನೀರು, ಇನ್ನೇನು ಬದಲಾಗುವುದಿಲ್ಲವೇನೋ ಎನಿಸುವಾಗ, ಒಂದೇ ಹನಿಗೆ ಕಿತ್ತಳೆ ಗುಲಾಬಿಗೆ ತಿರುಗುತ್ತದೆ. ಸಿರಿಂಜಿನೊಳಗೆ ಪಿಸ್ಟನ್ನಿನ ಕೆಳಗೆ ಗಾಳಿ ನಿಂತಿರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ದ್ರವದ ಮಟ್ಟವನ್ನಲ್ಲ, ಪಿಸ್ಟನ್ನಿನ ತುದಿಯನ್ನು ಓದಬೇಕು. ಈ ಕಿಟ್ಟನ್ನು ಪರೀಕ್ಷಿಸಲು ಅಡುಗೆ ಸೋಡಾ ಸಾಕು: 2.4 ಗ್ರಾಂ ಸೋಡಾವನ್ನು ಒಂದು ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿ, ಅದರ 100 ಮಿಲಿಯನ್ನು ಮತ್ತೆ ಆರ್‌ಒ ನೀರು ಸೇರಿಸಿ ಒಂದು ಲೀಟರಾಗಿಸಿದರೆ 8 ಡಿಕೆಎಚ್ (ಕ್ಷಾರೀಯತೆಯ ಅಳತೆ) ದ್ರಾವಣ ಸಿದ್ಧ. ನನ್ನ ಕಿಟ್ 8.3 ತೋರಿಸಿತು. ಅಷ್ಟು ವ್ಯತ್ಯಾಸವನ್ನು ತಿಳಿದಿಟ್ಟುಕೊಂಡು ನಿಭಾಯಿಸಬಹುದು.

ಫಾಸ್ಫೇಟಿಗೆ ಮಾತ್ರ ದುಬಾರಿಯಾದರೂ ಹಾನ್ನಾ ಕಂಪನಿಯ ಪುಟ್ಟ ಡಿಜಿಟಲ್ ಮಾಪಕ ಕೊಂಡೆ. 0.03 ಮತ್ತು 0.1 ಪಿಪಿಎಂಗಳ ನಡುವಿನ ತಿಳಿನೀಲಿಯ ವ್ಯತ್ಯಾಸವನ್ನು ನನ್ನ ಕಣ್ಣು ಗುರುತಿಸುವುದಿಲ್ಲ, ಹವಳದ ತೊಟ್ಟಿಯಲ್ಲಿ ಬೇಕಾದದ್ದು ಅದೇ ವ್ಯತ್ಯಾಸ. ನನ್ನದು ರಂಜಕವನ್ನು ಪಿಪಿಬಿಯಲ್ಲಿ (ನೂರು ಕೋಟಿ ಭಾಗಕ್ಕೆ ಎಷ್ಟು ಭಾಗ ಎಂದು) ತೋರಿಸುವ ಮಾದರಿ, ಅಂಕಿಯನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಸಿಗುತ್ತದೆ, 16 ಬಂದರೆ ಸುಮಾರು 0.05 ಪಿಪಿಎಂ. ಗಾಜಿನ ಸೀಸೆಯ ಮೇಲೆ ಬೆರಳಿನ ಗುರುತಿದ್ದರೂ ಅಂಕಿ ಕೆಡುತ್ತದೆ, ಹಾಗಾಗಿ ಮೆತ್ತನೆಯ ಬಟ್ಟೆಯೊಂದನ್ನು ಅದರ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.

ಪ್ರತಿ ಬಾಟಲಿಯ ಮೇಲೂ ತೆರೆದ ದಿನಾಂಕದ ಚೀಟಿ ಅಂಟಿಸಿದ್ದೇನೆ. ಕ್ಷಾರೀಯತೆಯ ಕಿಟ್‌ನ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ಹೊಸದು ಈಗಾಗಲೇ ಬಂದಿದೆ, ಭಾನುವಾರ ಎರಡರಲ್ಲೂ ಅದೇ ಸೋಡಾ ನೀರನ್ನು ಅಳೆದು ನೋಡಿದ ಮೇಲೆಯೇ ಹಳೆಯದನ್ನು ಬಿಸಾಡುತ್ತೇನೆ.